ಅಂಗಾಲ ಹುಣ್ಣಿಗೆ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂದು ನಮ್ಮ ಹಿರಿಯರು ಹೇಳಿ ಹೋದರು. ಅಂಗಾಲ ಹುಣ್ಣಿನ ವಿಚಾರವನ್ನು ಅವರು ಎತ್ತಲಿಲ್ಲ. ಅದು ಕಾಣಬೇಕಾದರೆ ಹೆಂಗಸು ಒಂದು ಗಳಿಗೆ ಕೂತು, ಕಾಲು ಮಡಿಸಿ, ಬೆಳಕಿಗೆ ಹಿಡಿದು ನೋಡಬೇಕು. ಕೋಳಿ ಕೂಗಿದಾಗಿನಿಂದ ರಾತ್ರಿ ಪಾತ್ರೆ ಬೆಳಗುವವರೆಗೆ ಅವಳಿಗೆ ಕೂರುವ ಬಿಡುವೆಲ್ಲಿದೆ? ಆದಕಾರಣ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ದುಡಿಯುವ ಹೆಂಗಸರ ಅಂಗಾಲಿಗೆ ಈ ವಾರ ನಾವು ಕನ್ನಡಿ ಹಿಡಿಯುತ್ತೇವೆ. ನೋಡಲು ಅಸಹ್ಯವೆನಿಸುವ ಮಹಾಶಯರು ಪುಟ ಮಗುಚಬಹುದು.

ಹುಣಸೂರಿನ ಸಂತೆಯಲ್ಲಿ ನಮ್ಮ ಕಣ್ಣೆದುರು ನಡೆದ ಮಾತಿದು. ನಡುವಯಸ್ಸಿನ ಒಬ್ಬ ತಾಯಿ ಗಂಡನಿಗೆ ಒಂದು ಜೊತೆ ಚರ್ಮದ ಎಕ್ಕಡವನ್ನೂ ಮಗನಿಗೆ ಒಂದು ಜೊತೆ ಬೂಟನ್ನೂ ಚೌಕಾಸಿ ಮಾಡಿ ಕೊಂಡಳು. ಅವಳ ಬರಿಗಾಲು ಕಂಡ ಅಂಗಡಿಯವನು ಕೇಳಿದ:

“ನಿಂಗೆ ಬ್ಯಾಡ್ವಾ ಅಕ್ಕಾ?”

“ನಂಗ್ಯಾಕಣ್ಣ? ನಾನೇನ್ ಊರೂರು ತಿರುಗ್ತೀನಾ? ಹೊಲಕ್ ಹೋಗಿ ಬರೋದ್ ತಾನೆ?”

ಹೊಲಕ್ಕೆ ಹೋಗಿ ಬರುವುದು ತಾನೆ! ಊರೂರು ತಿರುಗುವ ಗಂಡಸು ನಡೆಯುವುದು ಟಾರು ರಸ್ತೆಯ ಮೇಲೆ. ಬಹಳಷ್ಟು ದೂರ ಬಸ್ಸಿನಲ್ಲೋ ಮೋಟಾರ್ ಸೈಕಲ್ಲಿನಲ್ಲೋ. ಹೊಲಕ್ಕೆ ಹೋಗುವ ಹೆಂಗಸು ತುಳಿಯುವುದು ಜಾಲಿಮುಳ್ಳು, ಕೂಳೆ, ಗಾಜಿನ ಚೂರು, ಕೆಸರು, ಗೊಬ್ಬರ, ವಿಷದ ಹಾವು. ಮೆಟ್ಟು ಯಾರ ಕಾಲಿಗೆ ಹೆಚ್ಚು ಬೇಕೋ ಆ ಕಾಲೇ ತನಗೆ ಬೇಡವೆನ್ನುವಂತೆ ಅವಳಿಗೆ ಕಲಿಸಿದವರು ಯಾರು?

ಪಟ್ಟಣದ ಪತ್ರಿಕೆಗಳು ಆಗಾಗ್ಗೆ ಹೆಂಗಸರಿಗೆ ಬುದ್ಧಿ ಹೇಳುತ್ತವೆ: ಪಾದದ ಆರೋಗ್ಯಕ್ಕೆ ಒಪ್ಪುವ ಜೋಡನ್ನು ಆರಿಸಿಕೊಳ್ಳಿರಿ ಎಂದು. ಮಾತು ತಪ್ಪಲ್ಲ. ಆದರೆ ಆರಿಸಿಕೊಳ್ಳಬೇಕಾದರೆ ಎದುರಿಗೆ ಎರಡು ಜೊತೆ ಇರಬೇಕು. ಒಂದನ್ನು ಕೊಳ್ಳುವ ಕಾಸು ಸೆರಗಿನ ಗಂಟಿನಲ್ಲಿರಬೇಕು. ಕೊಂಡದ್ದನ್ನು ಮೆಟ್ಟಿ ಹೊರಟರೆ “ನೋಡು, ಇವಳ ಶೋಕಿ” ಎಂದು ಕೊಂಕಾಡದ ಬೀದಿ ಇರಬೇಕು. ನಮ್ಮ ತಾಲ್ಲೂಕುಗಳ ಕೂಲಿ ಹೆಂಗಸರಲ್ಲಿ ಈ ಮೂರೂ ಒಟ್ಟಿಗೆ ಎಷ್ಟು ಮಂದಿಗಿದೆ? ದುಡಿಯುವವಳ ಮೆಟ್ಟು ಅವಳ ಕುಡುಗೋಲಿನಂತೆ, ಕುಕ್ಕೆಯಂತೆ, ದುಡಿಮೆಯ ಸಲಕರಣೆ. ಅದನ್ನು ಒದಗಿಸುವ ಹೊಣೆ ದುಡಿಸಿಕೊಳ್ಳುವವರದು ಮತ್ತು ಸರ್ಕಾರದ್ದು. ನಮ್ಮ ವಾದ ಇಷ್ಟೇ.

ಮೊದಲು ಹೊಗೆಸೊಪ್ಪಿನ ಸೀಮೆಗೆ ಹೋಗೋಣ. ಪಿರಿಯಾಪಟ್ಟಣ, ಹುಣಸೂರುಗಳ ಕೆಮ್ಮಣ್ಣಿನಲ್ಲಿ ಮುಂಗಾರಿಗೆ ಸಸಿ ನೆಟ್ಟರೆ, ಮಳೆಗಾಲ ಮುಗಿಯುವ ಮುನ್ನವೇ ಸೊಪ್ಪು ಮುರಿಯುವ ಕೆಲಸ ಹತ್ತುತ್ತದೆ. ಬೆಳಗಿನ ಒದ್ದೆಯಲ್ಲಿ ಸಾಲಿನ ನಡುವೆ ಬಗ್ಗಿ ಮುರಿಯುವವರಲ್ಲಿ, ಹೊರೆ ಹೊತ್ತು ತರುವವರಲ್ಲಿ, ಕಡ್ಡಿಗೆ ಸೊಪ್ಪು ಕಟ್ಟುವವರಲ್ಲಿ ಹೆಚ್ಚಿನವರು ಹೆಂಗಸರು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿದು ತಲೆಸುತ್ತು, ವಾಂತಿ ತರುತ್ತದೆಂಬುದನ್ನು ವೈದ್ಯಶಾಸ್ತ್ರ ಗುರುತಿಸಿ ಬಹುಕಾಲವಾಯಿತು. ಬೆಳೆ ಮುಗಿದ ಮೇಲೆ ಕಡಿದ ಕಡ್ಡಿಯ ಮೊನೆಗಳು ಹೊಲದ ತುಂಬ ನಿಲ್ಲುತ್ತವೆ. ಅದೂ ಅವಳ ಪಾದಕ್ಕೇ. ಇತ್ತ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿಗೆ, ಪಿರಿಯಾಪಟ್ಟಣಕ್ಕೆ, ಕಂಪಲಾಪುರಕ್ಕೆ, ಚಿಲ್ಕುಂದಕ್ಕೆ, ಕಟ್ಟೆಮಳಲವಾಡಿಗೆ ಒಮ್ಮೆ ಹೋಗಿ ನೋಡಿ. ಕರ್ನಾಟಕದಲ್ಲಿ ಈ ಹರಾಜು ಶುರುವಾದದ್ದು 1984ರಲ್ಲಿ. ಅಲ್ಲಿ ಪ್ರತಿಯೊಂದು ಬೇಲಿಗೂ ತೂಕವುಂಟು, ನಂಬರುಂಟು, ದರ್ಜೆಯುಂಟು, ನೆನೆಯದಂತೆ ಸೂರುಂಟು. ಆ ಬೇಲನ್ನು ಬೇಲು ಮಾಡಿದ ಪಾದಗಳಿಗೆ ಯಾವ ಲೆಕ್ಕದ ಪುಸ್ತಕದಲ್ಲೂ ಒಂದು ಕಲಮಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎರಡು ಮೂರು ಎಕರೆಯ ಬೆಳೆಗಾರನನ್ನು ನಾವು ಧಣಿಯೆನ್ನುವುದಿಲ್ಲ. ಅವನ ಮನೆಯ ಹೆಂಗಸೂ ಕೂಲಿಯವಳ ಪಕ್ಕದಲ್ಲೇ ಬರಿಗಾಲಲ್ಲಿ ಕೂತು ಸೊಪ್ಪು ಕಟ್ಟುತ್ತಾಳೆ. ನಮ್ಮ ಬೆರಳು ತೋರುವುದು ಆ ಸೊಪ್ಪನ್ನು ಕೊಂಡು ಲಾಭ ಎಣಿಸುವ ಕಂಪನಿಗಳ ಕಡೆಗೆ, ಅದರಿಂದ ತೆರಿಗೆ ಎತ್ತುವ ಸರ್ಕಾರದ ಕಡೆಗೆ.

ಹಿಂದೆ ಎಡತೊರೆಯೆನಿಸಿದ್ದ ಕೃಷ್ಣರಾಜನಗರ ತಾಲ್ಲೂಕಿನ ಕಥೆ ಬೇರೆ. ಕಾವೇರಿಯ ಹಳೆಯ ಅಣೆಕಟ್ಟೆಗಳ ಕಾಲುವೆ ಹರಿದಲ್ಲೆಲ್ಲ ಭತ್ತ. ಭತ್ತವಿದ್ದಲ್ಲೆಲ್ಲ ನಾಟಿಯ ಹೆಂಗಸರು. ದಿನಗಟ್ಟಲೆ ಕಣಕಾಲು ಮುಳುಗುವ ಕೆಸರಿನಲ್ಲಿ ನಿಂತ ಪಾದದ ಚರ್ಮ ಬಿಳಿಚಿ ಮೆತ್ತಗಾಗುತ್ತದೆ, ಬೆರಳ ಸಂದಿ ಕೊಳೆಯುತ್ತದೆ, ಉಗುರು ಸುತ್ತಾಗುತ್ತದೆ. ನಾಟಿಯ ಗದ್ದೆಯಲ್ಲಿ ಬೂಟು ನಡೆಯುವುದಿಲ್ಲವೆಂಬುದನ್ನು ನಾವು ಬಲ್ಲೆವು. ಕೆಸರು ಅದನ್ನು ಹಿಡಿದೆಳೆಯುತ್ತದೆ. ಆದರೆ ಬದುವಿನ ಮೇಲೆ ಒಂದು ಜೊತೆ ಒಣ ಮೆಟ್ಟು, ಕಾಲು ತೊಳೆಯಲು ಒಳ್ಳೆಯ ನೀರು, ಒರೆಸಲು ಒಂದು ತುಂಡು ಬಟ್ಟೆ, ಹಚ್ಚಲು ಒಂದಿಷ್ಟು ಎಣ್ಣೆ, ನಡುವೆ ಅರ್ಧ ಗಂಟೆ ಕಾಲು ಒಣಗಿಸುವ ಬಿಡುವು, ಇಷ್ಟನ್ನು ಕೊಡಲು ಯಾವ ವಿಜ್ಞಾನಿಯ ಅಪ್ಪಣೆ ಬೇಕು?

ಹೆಗ್ಗಡದೇವನಕೋಟೆಯಲ್ಲಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ನೀರಿಗೆ ಊರುಗಳು ಹೋದವು. ನಾಗರಹೊಳೆಯ ಹುಲಿಗಾಗಿ ಹಾಡಿಗಳು ಎದ್ದವು. ಕಾಡಿನಿಂದ ಹೊರಬಿದ್ದ ಜೇನುಕುರುಬ, ಕಾಡುಕುರುಬ, ಯರವ ಹೆಂಗಸರು ಜೀಪುಗಳಲ್ಲಿ ಕುರಿಗಳಂತೆ ತುಂಬಿಕೊಂಡು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಅಲ್ಲಿ ಜಿಗಣೆ, ಮಳೆ, ಜಾರುವ ಇಳಿಜಾರು. 1951ರ ತೋಟ ಕಾರ್ಮಿಕರ ಕಾಯ್ದೆ ಬರೆದವರು ಮಳೆ ಚಳಿಯಿಂದ ಕಾಪಾಡಲು ಕೊಡೆ, ಕಂಬಳಿ, ಮಳೆಯಂಗಿಗಳನ್ನು ಹೆಸರಿಟ್ಟು ಬರೆದರು. ತಲೆ ನೆನಪಾಯಿತು, ಬೆನ್ನು ನೆನಪಾಯಿತು. ಆ ಸಾಲಿನಲ್ಲಿ ಕಾಲಿನ ಹೆಸರಿರಲಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಪಟ್ಟಿಯಲ್ಲೂ ಕುಡಿಯುವ ನೀರಿತ್ತು, ಮಕ್ಕಳಿಗೆ ನೆರಳಿತ್ತು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿತ್ತು. ಗಾಯವಾದ ಮೇಲಿನ ಪೆಟ್ಟಿಗೆ ಬಂತು. ಗಾಯವಾಗದಂತೆ ತಡೆಯುವ ಮೆಟ್ಟು ಬರಲಿಲ್ಲ.

ಇದೆಲ್ಲ ಸಣ್ಣ ವಿಷಯವೆನ್ನುವವರು ಕೇಳಲಿ. ಮಲ ಬೆರೆತ ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿ ಕಾಯುತ್ತಿರುತ್ತದೆ. ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳಿಗಿಳಿದು ರಕ್ತ ಹೀರುತ್ತದೆ. ಅಮೆರಿಕದ ದಕ್ಷಿಣ ಸೀಮೆಯ ಬಡವರಲ್ಲಿ ಈ ಹುಳು ಹಬ್ಬಿದ್ದಾಗ, 1909ರಿಂದ 1914ರವರೆಗೆ ರಾಕ್‌ಫೆಲರ್ ಹಣದ ಆಯೋಗವೊಂದು ಊರೂರಿಗೆ ಹೋಗಿ ಮದ್ದು ಕೊಟ್ಟಿತು. ಜೊತೆಗೆ ಕಕ್ಕಸು ಕಟ್ಟಿರಿ, ಕಾಲಿಗೆ ಜೋಡು ಹಾಕಿರಿ ಎಂದು ಸಾರಿತು. ನಮ್ಮಲ್ಲಿ ರಕ್ತಹೀನಳಾದ ಬಸುರಿಗೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಕೊಡಲಿ, ಸಂತೋಷ. ಆದರೆ ಮೇಲಿನಿಂದ ಮಾತ್ರೆ ಹಾಕುತ್ತ ಕೆಳಗಿನಿಂದ ಹುಳುವಿಗೆ ಬಾಗಿಲು ತೆರೆದಿಟ್ಟರೆ ತೂತು ಕೊಡಕ್ಕೆ ನೀರು ಹೊತ್ತಂತೆಯೇ ಸರಿ. ಇನ್ನು ಹಾವು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ಹೆಜ್ಜೆ. ಕೊಳಕುಮಂಡಲವಾಗಲಿ ನಾಗರವಾಗಲಿ, ಹೊಲದಲ್ಲಿ ಕಡಿಯುವುದು ಬಹುಪಾಲು ಪಾದಕ್ಕೆ, ಮೀನಖಂಡಕ್ಕೆ. ಕಡಿತವನ್ನು ಎಣಿಸುವ ಸರ್ಕಾರ ಕಡಿತ ತಡೆಯುವ ಬೂಟನ್ನು ಯಾವಾಗ ಎಣಿಸೀತು?

ಈಗ ಎದುರು ವಾದಗಳನ್ನು ನೋಡೋಣ. ಮೊದಲನೆಯದು ಭಕ್ತರದು: ಭೂಮಿತಾಯಿಯನ್ನು ಮೆಟ್ಟು ಹಾಕಿ ತುಳಿಯಬಾರದು. ಕಣದಲ್ಲಿ, ರಾಶಿಯ ಮುಂದೆ ಮೆಟ್ಟು ಬಿಡುವ ಸಂಪ್ರದಾಯವನ್ನು ನಾವು ಗೌರವಿಸುತ್ತೇವೆ. ಆದರೆ ಟ್ರಾಕ್ಟರಿನ ಟೈರು ತುಳಿದಾಗ, ಗಂಡಸು ಬೂಟು ತೊಟ್ಟು ಔಷಧಿ ಹೊಡೆದಾಗ ನೋಯದ ಭೂಮಿತಾಯಿ, ತನ್ನ ಹೆಣ್ಣುಮಗಳು ರಬ್ಬರ್ ಚಪ್ಪಲಿ ಮೆಟ್ಟಿದಾಗ ಮಾತ್ರ ನೋಯುವಳೇ? ಭರತ ಪಾದುಕೆಗೆ ಪಟ್ಟ ಕಟ್ಟಿದ ಕಥೆಯನ್ನು ಕೈಮುಗಿದು ಕೇಳುವ ದೇಶವಿದು. ಹೆಣ್ಣಿನ ಕಾಲಿಗೆ ಪಾದುಕೆ ಬಂದರೆ ಮಾತ್ರ ಇದಕ್ಕೆ ಮುನಿಸು. ಮೇಲಿನ ಕೇರಿಯಲ್ಲಿ ದಲಿತ ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕೆಂದು ಕಟ್ಟುಮಾಡಿದವರೇ ಹಿರಿಯರೆದುರು ಸೊಸೆ ಮೆಟ್ಟು ಹಾಕಬಾರದೆಂದೂ ಕಟ್ಟುಮಾಡಿದರು. ಎರಡೂ ಒಂದೇ ಮಗ್ಗದ ಬಟ್ಟೆ.

ಎರಡನೆಯದು ಮೇಸ್ತ್ರಿಗಳದು: “ಕೊಟ್ಟರೂ ಹೆಂಗಸರು ಹಾಕುವುದಿಲ್ಲ.” ಕೊಟ್ಟದ್ದು ಏನು? ಗಂಡಸಿನ ಅಳತೆಯ ಗಂಬೂಟು. ಎರಡಂಗುಲ ದೊಡ್ಡ ಬೂಟಿನಲ್ಲಿ ಸೀರೆಯುಟ್ಟ ಹೆಂಗಸು ನಾಲ್ಕು ಹೆಜ್ಜೆ ನಡೆದರೆ ಮುಗ್ಗರಿಸುತ್ತಾಳೆ. ಐದನೆಯ ಹೆಜ್ಜೆಗೆ ಕಳಚಿಡುತ್ತಾಳೆ. ಬುದ್ಧಿವಂತೆ. ಹೊಂದದ ಜೋಡಿಗಿಂತ ಬರಿಗಾಲು ಮೇಲು ಎಂಬುದನ್ನು ವೈದ್ಯರೂ ಒಪ್ಪುತ್ತಾರೆ. ಬರಿಗಾಲು ತಾನಾಗಿ ಒಂದು ರೋಗವಲ್ಲ. ಬರಿಗಾಲಲ್ಲಿ ಬೆಳೆದ ಪಾದದ ಬೆರಳು ಅಗಲವಾಗಿ, ಬಲವಾಗಿ ಇರುತ್ತದೆ. ಅದನ್ನು ಕೆಡಿಸುವುದು ಒಂದು ಕಡೆ ಮುಳ್ಳು, ಕೆಸರು, ಹುಳು. ಇನ್ನೊಂದು ಕಡೆ ಇಕ್ಕಟ್ಟಾದ ಚೂಪು ಮೂತಿಯ ಜೋಡು.

ಮೂರನೆಯದು ನಮ್ಮ ಸಂಗಾತಿಗಳದೇ: “ಮೊದಲು ಕೂಲಿ ಕೇಳೋಣ, ಮೆಟ್ಟು ಆಮೇಲೆ.” ಸಂಗಾತಿಗಳೇ, ಕಾಲು ಊದಿ ಮನೆಯಲ್ಲಿ ಬಿದ್ದ ದಿನದ ಕೂಲಿ ಯಾರು ಕೊಟ್ಟರು? ಹೆಣ್ಣಿಗೂ ಗಂಡಿಗೂ ಸಮಾನ ವೇತನವೆಂಬ ಕಾನೂನು 1976ರಲ್ಲೇ ಬಂದಿತು; ಹೊಲದಲ್ಲಿ ಇಂದಿಗೂ ಹೆಣ್ಣಾಳಿನ ಕೂಲಿ ಗಂಡಾಳಿನದಕ್ಕಿಂತ ಕಡಮೆ. ಆ ಕಡಮೆ ಕೂಲಿಯಿಂದಲೇ ಅವಳು ಮೆಟ್ಟು ಕೊಳ್ಳಬೇಕೆನ್ನುವುದು ಅವಳ ಕೂಲಿಯನ್ನು ಇನ್ನೊಮ್ಮೆ ಕತ್ತರಿಸಿದಂತೆ. ಲೋಹಿಯಾ ಅವರು ಹಳ್ಳಿಯ ಹೆಂಗಸಿನ ಕಕ್ಕಸನ್ನೂ ಒಲೆಯ ಹೊಗೆಯನ್ನೂ ರಾಜಕೀಯದ ಪ್ರಶ್ನೆಯೆಂದು ಎತ್ತಿದವರು. ಅವರ ಹೆಸರು ಹೇಳುವ ನಾವು ಅವಳ ಅಂಗಾಲನ್ನು ಕ್ಷುಲ್ಲಕವೆನ್ನಬಹುದೇ?

ಇಷ್ಟು ಹೇಳಿ, ಸರ್ಕಾರ ಕೊಡುವವರೆಗೆ ಸುಮ್ಮನಿರಿ ಎಂದು ನಾವು ಯಾವ ತಾಯಿಗೂ ಹೇಳುವುದಿಲ್ಲ. ಒಂದು ಜೊತೆ ಕೊಳ್ಳುವ ಕಾಸು ಕೂಡಿದಾಗ ಮೋಸ ಹೋಗಬಾರದು. ಓದು ಬಲ್ಲವರು ಬಾರದವರಿಗೆ ಇದನ್ನು ಓದಿ ಹೇಳಿ.

ಮೆಟ್ಟನ್ನು ಸಂಜೆ ಕೊಳ್ಳಿ. ದಿನದ ದುಡಿಮೆಗೆ ಪಾದ ಕೊಂಚ ಊದಿರುತ್ತದೆ, ಬೆಳಿಗ್ಗೆ ಸರಿಯಾದದ್ದು ಸಂಜೆಗೆ ಕಚ್ಚುತ್ತದೆ. ಕೂತು ನೋಡಬೇಡಿ, ಎರಡೂ ಕಾಲಿಗೆ ಹಾಕಿ ನಿಂತು ನಡೆದು ನೋಡಿ. ಎರಡು ಪಾದ ಒಂದೇ ಅಳತೆಯಿರುವುದು ಅಪರೂಪ, ದೊಡ್ಡದಕ್ಕೆ ಸರಿಯಾದದ್ದನ್ನು ತೆಗೆದುಕೊಳ್ಳಿ. ಮನೆಯಲ್ಲೇ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು ಕತ್ತರಿಸಿ ಒಯ್ಯಿರಿ. ಜೋಡಿನೊಳಗೆ ಆ ಕಾಗದದ ಅಂಚು ಮಡಿಸಿದರೆ ಅದು ನಿಮ್ಮ ಕಾಲಿನದಲ್ಲ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ, ಬೆರಳುಗಳು ಒಳಗೆ ಆಡಲಿ. ಅಟ್ಟೆ ಬೆರಳಿನ ಬುಡದಲ್ಲಿ ಮಡಿಸಬೇಕು. ನಡುವಿನಲ್ಲಿ ಮಡಿಸಿದರೆ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿದರೆ, ಅದು ಪಾದಕ್ಕೆ ಆಸರೆಯಲ್ಲ. ಹಿಮ್ಮಡಿ ಒಂದಂಗುಲಕ್ಕಿಂತ ಎತ್ತರ ಬೇಡ, ಅಗಲವಾಗಿರಲಿ. ಎತ್ತರದ ಹಿಮ್ಮಡಿ ಮೈಭಾರವನ್ನೆಲ್ಲ ಬೆರಳ ಬುಡಕ್ಕೆ ನೂಕುತ್ತದೆ, ಹೆಬ್ಬೆರಳ ಬುಡದಲ್ಲಿ ಗಂಟು, ಆಣಿ, ಸೊಂಟನೋವು ಅದರ ಹಿಂದೆ ಬರುತ್ತವೆ. ಹೊಲಕ್ಕೂ ದೂರದ ನಡಿಗೆಗೂ ಹಿಂದೆ ಪಟ್ಟಿಯಿರುವುದನ್ನೇ ಕೊಳ್ಳಿ. ಪಟ್ಟಿಯಿಲ್ಲದ ಹವಾಯಿ ಚಪ್ಪಲಿಯನ್ನು ಬೆರಳುಗಳು ಹೆಜ್ಜೆ ಹೆಜ್ಜೆಗೂ ಕಚ್ಚಿ ಹಿಡಿಯಬೇಕಾಗುತ್ತದೆ, ಅದು ಸವೆದು ತೆಳ್ಳಗಾದರೆ ಜಾಲಿಮುಳ್ಳಿಗೆ ಕಾಗದವಿದ್ದಂತೆ. “ಹಾಕ್ತಾ ಹಾಕ್ತಾ ಸಡ್ಲ ಆಯ್ತದೆ ಅಕ್ಕಾ” ಎನ್ನುವ ಮಾತನ್ನು ನಂಬಬೇಡಿ; ಸಡಿಲವಾಗುವ ಮುಂಚೆ ನಿಮ್ಮ ಚರ್ಮ ಸುಲಿದಿರುತ್ತದೆ. ಹೆರಿಗೆಯಾದ ಮೇಲೆ ಎಷ್ಟೋ ಹೆಂಗಸರ ಪಾದ ಮೊದಲಿಗಿಂತ ಉದ್ದವಾಗುತ್ತದೆ. ಮದುವೆಯ ಕಾಲದ ಅಳತೆ ಹೇಳದೆ ಹೊಸದಾಗಿ ಅಳೆಸಿ.

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಅವರ ಪಾದಕ್ಕೆ ಸ್ಪರ್ಶ ಕುಂದುವುದರಿಂದ ಮೊಳೆ ಚುಚ್ಚಿದರೂ ತಿಳಿಯದು. ಹಾಕುವ ಮುನ್ನ ಜೋಡಿನೊಳಗೆ ಕೈಯಾಡಿಸಿ ನೋಡಬೇಕು. ಬೆರಳ ಸಂದಿಗೆ ಚುಚ್ಚುವ ಗುಂಡಿಯ ಚಪ್ಪಲಿ ಬೇಡ. ರಾತ್ರಿ ಅಂಗಾಲನ್ನು ಕನ್ನಡಿಯಲ್ಲೋ ಮಕ್ಕಳ ಕಣ್ಣಲ್ಲೋ ನೋಡಿಸಬೇಕು. 1950ರ ದಶಕದಿಂದ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಂಗಡಿಗರು ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗಾಗಿ ಮೆತ್ತನೆಯ ಸೂಕ್ಷ್ಮರಂಧ್ರದ ರಬ್ಬರಿನ ಪಾದರಕ್ಷೆಯನ್ನು ಬಳಕೆಗೆ ತಂದರು. ಎಂಸಿಆರ್ ಚಪ್ಪಲಿ ಎಂದು ಕರೆಯುವ ಅದನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ಬರೆದುಕೊಡುತ್ತಾರೆ. ದೊಡ್ಡ ಯಂತ್ರವೂ ಬೇಡ, ವಿದೇಶದ ಸಾಮಾನೂ ಬೇಡ. ನುರಿತ ಮಚ್ಚೇಗಾರನ ಕೈ ಸಾಕು.

ಆದರೆ ಈ ಲಕ್ಷಣಗಳನ್ನೆಲ್ಲ ಬಾಯಿಪಾಠ ಮಾಡಿ ಸಂತೆಗೆ ಹೋದ ತಾಯಿಗೆ ಏನು ಸಿಗುತ್ತದೆ? ಗಂಡಸರ ಸಾಲಿನಲ್ಲಿ ದಪ್ಪ ಅಟ್ಟೆ, ಹಿಂದೆ ಪಟ್ಟಿ, ಅಗಲ ಮೂತಿ. ಹೆಂಗಸರ ಸಾಲಿನಲ್ಲಿ ಮಿಣಿಮಿಣಿ ಮಣಿ, ತೆಳ್ಳನೆಯ ಪಟ್ಟಿ, ಸಣ್ಣ ಮೂತಿ. ಹೆಣ್ಣು ದುಡಿಯುತ್ತಾಳೆಂಬುದೇ ಮಾಲು ತಯಾರಿಸುವವನಿಗೆ ತಿಳಿಯದು. ಅವಳು ಮದುವೆಗೆ ಮಾತ್ರ ಹೋಗುತ್ತಾಳೆಂದು ಅವನ ಲೆಕ್ಕ. ಅಳತೆಯಾದರೂ ನಮ್ಮದೇ? ಅದು ಇಂಗ್ಲೆಂಡಿನವರು ಬಿಟ್ಟುಹೋದ ಅಳತೆ. ಮದರಾಸಿನಲ್ಲಿ 1948ರಲ್ಲಿ ಹುಟ್ಟಿದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ, 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ನಮ್ಮ ಜನರ ಪಾದ ಐರೋಪ್ಯರ ಪಾದಕ್ಕಿಂತ ಅಗಲವೆಂದು ತೇಲಿತು. ಹೆಣ್ಣುಮಗುವಿನ ಪಾದದ ಬೆಳವಣಿಗೆ ಸುಮಾರು 11ನೇ ವಯಸ್ಸಿಗೇ ಶಿಖರ ಮುಟ್ಟುತ್ತದೆಂದೂ ತಿಳಿಯಿತು. ‘ಭಾ’ ಎಂಬ ಹೆಸರಿನಲ್ಲಿ ಸ್ವದೇಶಿ ಅಳತೆಯೊಂದನ್ನು ಸೂಚಿಸಿದರು. ಅಂದರೆ ಇಷ್ಟು ಕಾಲ ನಮ್ಮ ಹೆಂಗಸರು ಬಿಗಿ ಜೋಡು ಮೆಟ್ಟಿ ತಮ್ಮ ಪಾದವೇ ವಿಕಾರವೆಂದು ನಾಚಿದರಲ್ಲ, ವಿಕಾರವಿದ್ದದ್ದು ಅಚ್ಚಿನಲ್ಲಿ.

ಸರ್ಕಾರಕ್ಕೆ ಇದೆಲ್ಲ ತಿಳಿಯದೆಂದು ನಾವು ಒಪ್ಪುವುದಿಲ್ಲ. 2015–16ರಲ್ಲಿ ಕರ್ನಾಟಕ ಸರ್ಕಾರವೇ ಶಾಲಾ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ ಕೊಡತೊಡಗಿತು. ತರಗತಿಗೆ ತಕ್ಕಂತೆ ಜೊತೆಗೆ 265, 295, 325 ರೂಪಾಯಿ ದರ ಗೊತ್ತುಮಾಡಿದ್ದುಂಟು. ಮಗುವಿನ ಕಾಲಿಗೆ ಜೋಡು ಬೇಕೆಂದು ಒಪ್ಪಿದ ಮೇಲೆ, ಅದೇ ಹುಡುಗಿ ಹತ್ತನೇ ತರಗತಿ ಬಿಟ್ಟು ಸೊಪ್ಪು ಮುರಿಯಲು ಇಳಿದ ದಿನ ಅವಳ ಕಾಲು ಏನು ತಪ್ಪು ಮಾಡಿತು? ಓದುವ ಕಾಲಿಗೆ ಜೋಡು, ದುಡಿಯುವ ಕಾಲಿಗೆ ಮುಳ್ಳು. ಇದು ಯಾವ ನ್ಯಾಯ?

ಮಾಡಿಕೊಡುವವರಿಲ್ಲವೆಂದೂ ಯಾರೂ ಹೇಳುವಂತಿಲ್ಲ. ಹುಣಸೂರಿನ ಚರಿತ್ರೆ ತೆರೆದು ನೋಡಿ. ಕಳೆದುಹೋದ 19ನೇ ಶತಮಾನದಲ್ಲಿ ಬ್ರಿಟಿಷ್ ಸೇನೆಯ ಸರಬರಾಜು ಇಲಾಖೆಗಾಗಿ ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆಯಿತ್ತು, ಕಂಬಳಿಯ ಕಾರ್ಖಾನೆಯಿತ್ತು. 1864ರ ಸುಮಾರಿಗೆ ಅವು ಮುಚ್ಚಿದವು. ಕಲಿತ ಕೈಗಳು ಊರಿನಲ್ಲೇ ಉಳಿದವು. ಅನ್ಯರ ಸಿಪಾಯಿಗೆ ಚರ್ಮದ ಸಾಮಾನು ಮಾಡಿಕೊಟ್ಟ ಊರಿಗೆ ತನ್ನ ಹೆಣ್ಣುಮಕ್ಕಳ ಕಾಲಿಗೆ ಒಂದು ಜೊತೆ ಹೊಲಿಯುವುದು ಅಸಾಧ್ಯವೇ? ಇದೇ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರ ಆಡಳಿತದಲ್ಲಿ, 1976ರಲ್ಲಿ, ಚರ್ಮ ಕೆಲಸಗಾರರ ಏಳಿಗೆಗೆಂದು ರಾಜ್ಯದ ಚರ್ಮ ಕೈಗಾರಿಕಾ ನಿಗಮ ಹುಟ್ಟಿತು. ಲಿಡ್ಕರ್ ಎಂದು ಎಲ್ಲರೂ ಬಲ್ಲ ನಿಗಮವದು. ಅದರ ಮಳಿಗೆಯಲ್ಲಿ ಸಾಹೇಬರ ಬೂಟು ಹೊಳೆಯಲಿ, ಬೇಡವೆನ್ನುವುದಿಲ್ಲ. ನಾಟಿಯವಳ ಮೆಟ್ಟಿಗೂ ಅಲ್ಲೊಂದು ಹಲಗೆ ಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಹೊಲಿದರೆಂದು ಕಥೆ. ಎಂಟು ನೂರು ವರ್ಷದಿಂದ ನಾವು ಆ ಪಾದರಕ್ಷೆಯ ಮಹಿಮೆ ಹೇಳುತ್ತ ಬಂದಿದ್ದೇವೆ. ಅಂದು ಕಲ್ಯಾಣಮ್ಮ ಮನೆಗೆ ಮರಳಿದ್ದು ಯಾವ ಮೆಟ್ಟಿನಲ್ಲಿ ಎಂದು ಕೇಳಿದವರಿಲ್ಲ. ನಾವು ಕೇಳುತ್ತೇವೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಹೊಲ, ತೋಟ, ರಸ್ತೆ, ಪೌರಕೆಲಸ, ಎಲ್ಲೇ ಆಗಲಿ ದುಡಿಯುವ ಪ್ರತಿ ಹೆಂಗಸಿಗೂ ವರ್ಷಕ್ಕೆ ಎರಡು ಜೊತೆ ಮೆಟ್ಟು, ಕೂಲಿಯಿಂದ ಹಿಡಿಯದೆ, ಅವಳದೇ ಅಳತೆಯಲ್ಲಿ, ಹಾವಿನ ಸೀಮೆಯಲ್ಲಿ ಒಂದು ಜೊತೆ ಮೀನಖಂಡ ಮುಚ್ಚುವ ಬೂಟು. ಎರಡು: ಹೊಗೆಸೊಪ್ಪು ಕೊಳ್ಳುವ ಕಂಪನಿಗಳಿಂದ, ಬೆಳೆಗಾರನ ಕಾಸು ಮುಟ್ಟದೆ, ಬೇಲಿಗೆ ಇಷ್ಟೆಂದು ಎತ್ತಿ ಸೊಪ್ಪಿನ ಕೆಲಸದ ಹೆಂಗಸರ ಪಾದರಕ್ಷೆಗೆ ನಿಧಿ. ಮೂರು: ನಾಲ್ಕು ತಾಲ್ಲೂಕುಗಳ ಮಚ್ಚೇಗಾರರ ಸಹಕಾರ ಸಂಘ ಕಟ್ಟಿ, ಹುಣಸೂರಿನಲ್ಲೇ ನಮ್ಮ ಹೆಂಗಸರ ಪಾದದ ಅಳತೆಗೆ ದುಡಿಮೆಯ ಮೆಟ್ಟು ತಯಾರಿಸುವ ಕೆಲಸವನ್ನು ಲಿಡ್ಕರ್ ವಹಿಸಬೇಕು. ನಾಲ್ಕು: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಂದು ದಿನ ಪಾದ ತಪಾಸಣೆ, ಸಕ್ಕರೆ ಕಾಯಿಲೆಯವರಿಗೆ ಎಂಸಿಆರ್ ಚಪ್ಪಲಿ ಪುಕ್ಕಟೆ.

ಕೊನೆಯ ಮಾತು ನಮ್ಮ ಗಂಡಸರಿಗೆ. ಈ ಪತ್ರಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಸಭೆಗೆ ಬರುವ ಸಂಗಾತಿ, ಬಾಗಿಲಲ್ಲಿ ಬಿಟ್ಟ ನಿನ್ನ ಎಕ್ಕಡ ನೋಡಿಕೋ. ಇಂದು ರಾತ್ರಿ ಮನೆಗೆ ಹೋಗಿ, ದೀಪ ಹಿಡಿದು, ನಿನ್ನ ಹೆಂಡತಿಯ ಅಂಗಾಲನ್ನು ನೋಡು. ನಾಚಿಕೆಯಾದರೆ ಒಳ್ಳೆಯದು. ಮುಂದಿನ ಸಂತೆಗೆ ಅವಳನ್ನೂ ಕರೆದುಕೊಂಡು ಬಾ. ಸಂಜೆ ಹೊತ್ತು, ಪಾದದ ಕಾಗದ ಕತ್ತರಿಸಿಕೊಂಡು. ಬೇಡಿಕೆಯ ಅರ್ಜಿಗೆ ಅವಳೇ ಮೊದಲು ರುಜು ಹಾಕಲಿ. ರುಜು ಬಾರದಿದ್ದರೆ ಹೆಬ್ಬೆಟ್ಟು ಒತ್ತಲಿ.